ತಾತ ಬಿಡಿಸಿ ಹೇಳಲಾರದ ಜೋಕು

ಮನೆಗೊಂದೇ ಟಿವಿ ಇದ್ದ ಕಾಲ ಅದು. ಆ ಬೇಸಿಗೆ ರಜೆಯಲ್ಲಿ ಪ್ರತಿ ಭಾನುವಾರ ಸಂಜೆ ಕೇಬಲ್ಲಿನಲ್ಲಿ ಬ್ರಿಟಿಷರ ಹಳೆಯ ಹಾಸ್ಯ ಧಾರಾವಾಹಿಗಳು ಬರುತ್ತಿದ್ದವು. ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾಗಿದ್ದ ತಾತನಿಗೆ ಅವೆಂದರೆ ಪ್ರಾಣ. ಅಜ್ಜಿ ಮಾವಿನಕಾಯಿ ತುರಿದು ಹಾಕಿದ ಚುರುಮುರಿ ಹಂಚುತ್ತಿದ್ದರು. ತಾತ ನಕ್ಕಾಗ ನಾವೆಲ್ಲ ನಗುತ್ತಿದ್ದೆವು. ಅರ್ಥವಾಗುವುದು ತಾತನೊಬ್ಬರಿಗೇ ಎಂಬುದು ಮನೆಯವರೆಲ್ಲ ಒಪ್ಪಿಕೊಂಡಿದ್ದ ವಿಷಯ.

ಆ ವರ್ಷ ಹತ್ತಿರದ ಹಳ್ಳಿ ಇಲವಾಲದಿಂದ ಮದುವೆಯಾಗಿ ಬಂದ ಚಿಕ್ಕಮ್ಮ ಮಾತ್ರ ನಗುತ್ತಿರಲಿಲ್ಲ. ಬಾಗಿಲ ಪಕ್ಕ ಕೂತು, ಸ್ವಲ್ಪ ಹೊತ್ತಿಗೇ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಬೋಗಾದಿಯಲ್ಲಿ ಬೇರೆ ಮನೆ ನೋಡೋಣವೇ ಎಂದು ಚಿಕ್ಕಪ್ಪ ಅವರನ್ನು ಕೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನನಗೆ ಭಯವಾಯಿತು. ಕೂದಲು ಎಳೆಯದೆ ಜಡೆ ಹೆಣೆಯುತ್ತಿದ್ದವರು ಆ ಮನೆಯಲ್ಲಿ ಅವರೊಬ್ಬರೇ.

ಚಿಕ್ಕಮ್ಮ ಹಾಗೆ ನಗದೆ ಎದ್ದು ಹೋಗುವುದು ತಾತನಿಗೂ ಚುಚ್ಚಿರಬೇಕು. ಸೊಸೆಗೆ ಇಂಗ್ಲಿಷ್ ತಿಳಿಯುವುದಿಲ್ಲ, ಅದಕ್ಕೇ ಬೇಜಾರು ಎಂದು ತೀರ್ಮಾನಿಸಿ, ಒಂದು ಭಾನುವಾರ ಜೋಕುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದರು. ಮೊದಲೆರಡು ಸಲೀಸಾಗಿ ಹೋದವು. ಆಮೇಲೆ ಒಬ್ಬ ಮನೆಯೊಡತಿ ಕೊಳಾಯಿ ರಿಪೇರಿಯವನಿಗೆ ಏನೋ ಹೇಳಿದಳು. ಟಿವಿಯೊಳಗಿನ ಜನ ಬಿದ್ದು ಬಿದ್ದು ನಕ್ಕರು.

“ನೋಡಮ್ಮ, ಅವಳು ಹೇಳ್ತಿರೋದು ಕೊಳಾಯಿ ವಿಷಯ. ಆದ್ರೆ ಅವಳ ಮನಸ್ಸಲ್ಲಿರೋದು…” ಎಂದ ತಾತ ಅಲ್ಲಿಗೇ ನಿಂತುಬಿಟ್ಟರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದರು.

“ಮನಸ್ಸಲ್ಲಿ ಏನು ತಾತ?” ಎಂದೆ.

“ಸುಮ್ನೆ ಚುರುಮುರಿ ತಿನ್ನೇ,” ಎಂದ ಅಜ್ಜಿ ತಾತನ ಕಡೆ ತಿರುಗಿ, “ಸೊಸೆಗೆ ಹೇಳೋ ಪಾಠವೇನ್ರೀ ಇದು?” ಎಂದರು.

ತಾತನ ಕಿವಿ ಕೆಂಪಾಗಿತ್ತು. ಅಷ್ಟರಲ್ಲಿ ಚಿಕ್ಕಮ್ಮ ತಲೆ ತಗ್ಗಿಸಿಕೊಂಡೇ, “ಗೊತ್ತಾಯ್ತು ಬುಡಿ ಮಾವ. ಆ ರಿಪೇರಿಯೋನೂ ಏನ್ ಕಮ್ಮಿ ಇಲ್ಲ,” ಎಂದವರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅಜ್ಜಿಗೂ ತಡೆಯಲಾಗಲಿಲ್ಲ. ಕೊನೆಗೆ ತಾತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಎಲ್ಲ ಅರ್ಥ ಆಗ್ತಿತ್ತು ಕಣೇ. ಮಾವನೋರ ಮುಂದೆ ಅಂಥದ್ದಕ್ಕೆಲ್ಲ ಎಂಗೆ ನಗೋದು?” ಎಂದು ಮರುದಿನ ಜಡೆ ಹಾಕುತ್ತ ಚಿಕ್ಕಮ್ಮ ನನಗೆ ಹೇಳಿದರು. ಬೇರೆ ಮನೆಯ ಮಾತು ಮತ್ತೆ ಬರಲಿಲ್ಲ. ಮುಂದಿನ ವಾರದಿಂದ ಅವರೇ ಮೊದಲು ನಗುತ್ತಿದ್ದರು.

ತಾತ ಈಗಿಲ್ಲ. ನಮ್ಮ ಮನೆಯಲ್ಲಿ ತಲೆಗೊಂದು ಫೋನಿದೆ. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಸಕ್ಕನೆ ನಗುತ್ತಾಳೆ. “ಏನೇ ಅದು?” ಎಂದರೆ “ಏನಿಲ್ಲಮ್ಮ” ಎನ್ನುತ್ತಾಳೆ. ಅಂಥ ಜೋಕೇ ಇರಬೇಕು, ನಾನೂ ಒತ್ತಾಯಿಸುವುದಿಲ್ಲ. ಯಾರ ಎದುರಿಗೂ ಯಾರೂ ನಾಚಿಕೊಳ್ಳುವ ಪ್ರಮೇಯವೇ ಈಗಿಲ್ಲ. ಆದರೂ ಹಾಗೆ ಒಬ್ಬಳೇ ನಗುತ್ತ ಕೂತ ಅವಳನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.