ಮೊದಲ ಡಿಕಾಕ್ಷನ್ ಯಾರಿಗೆ

ನಾನು ಮದುವೆಯಾಗಿ ಗಾವಡಗೆರೆ ಹತ್ತಿರದ ಹಳ್ಳಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಹೊಗೆಸೊಪ್ಪು ಬೆಳೆಯುವ ಮನೆ. ಅಲ್ಲಿ ಮೊದಲ ಡಿಕಾಕ್ಷನ್ನಿನ ಕಾಫಿ ಗಂಡಸರಿಗೆ. ಉಳಿದ ಚರಟಕ್ಕೆ ಮತ್ತೆ ನೀರು ಹುಯ್ದು, ಕುದಿಸಿ, ಬೆಲ್ಲ ಹಾಕಿದರೆ ಅದು ಅತ್ತೆಗೆ ಮತ್ತು ನನಗೆ. ಎರಡು ವರ್ಷ ಆ ಕೆಂಪು ನೀರನ್ನೇ ಕುಡಿದೆ.

ನನ್ನ ಅಪ್ಪ ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ತೋಟದ ಯಜಮಾನಿ ಊರು ಬಿಡುವಾಗ ಅಮ್ಮನಿಗೆ ಒಂದು ಗಾಜಿನ ಕಾಫಿ ಪಾತ್ರೆ ಕೊಟ್ಟಿದ್ದರು. ಒಂದರ ಮೇಲೊಂದು ಕೂರುವ ಎರಡು ಬುರುಡೆ, ನಡುವೆ ಕೊಳವೆ, ಸೋಸಲು ಬಟ್ಟೆ ಸುತ್ತಿದ ಬಿಲ್ಲೆ. ಮದುವೆಯಲ್ಲಿ ಅಮ್ಮ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಟ್ಟಿದ್ದಳು.

ಒಂದು ದಿನ ಬೆಳಗಿನಿಂದ ಅತ್ತೆಯ ಜೊತೆ, ಬೇಯಿಸಲು ನೇತುಹಾಕುವ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಮಧ್ಯಾಹ್ನ ಒಳಗೆ ಬಂದೆ. ಸೋಪು ಹಾಕಿ ಉಜ್ಜಿದರೂ ಅಂಗೈಯ ಅಂಟು ಬಿಡಲಿಲ್ಲ. ತಲೆ ಸಿಡಿಯುತ್ತಿತ್ತು. ಇನ್ನು ಆ ಚರಟದ ನೀರು ನನ್ನಿಂದಾಗದು ಎನ್ನಿಸಿ ಟ್ರಂಕು ತೆಗೆದೆ.

“ಇದ್ಯಾವ ಆಸ್ಪತ್ರೆ ಸಾಮಾನವ್ವ?” ಅತ್ತೆ ಕೇಳಿದರು.

ಗ್ಯಾಸ್ ಒಲೆಯ ಮೇಲೆ ತಂತಿ ಜಾಲರಿ ಇಟ್ಟೆ. ಕೆಳಗಿನ ಬುರುಡೆಗೆ ನೀರು, ಮೇಲಿನದಕ್ಕೆ ಪುಡಿ. ಕಾದ ನೀರು ಕೊಳವೆಯಲ್ಲಿ ಏರತೊಡಗಿದಾಗ ಅತ್ತೆ ಹಿಂದೆ ಸರಿದರು.

“ಅಯ್ಯೋ, ನೀರು ಮ್ಯಾಕ್ಕೆ ಅತ್ತತದಲ್ಲವ್ವ!”

ಉರಿ ಆರಿಸಿದೆ. ಸ್ವಲ್ಪ ಹೊತ್ತಿಗೆ ಕಾಫಿಯೆಲ್ಲ ಗೊಳಗೊಳ ಎಂದು ಕೆಳಗಿಳಿಯಿತು. ಹಾಲು ಬೆರೆಸಿ ಅತ್ತೆಗೊಂದು, ನನಗೊಂದು ಲೋಟ ತುಂಬಿದೆ. ಅಷ್ಟರಲ್ಲಿ ಮಾವ ಬಂದರು.

“ನಂದೆಲ್ಲವ್ವ ಕಾಫಿ?”

“ಇದು ನಮ್ಗೆ ಮಾವ. ಕುಡುದ್ಬುಟ್ಟು ನಿಮ್ಗೆ ಮಾಡ್ಕೊಡ್ತೀನಿ.”

ನಾನು ಲೋಟ ಕೆಳಗಿಡಲಿಲ್ಲ. ಮಾವ ಟವೆಲ್ಲನ್ನು ಹೆಗಲಿಗೆಸೆದುಕೊಂಡು ಬಸ್‌ಸ್ಟಾಪಿನ ಹೋಟೆಲಿಗೆ ಹೋದರು.

ಸಂಜೆ ನನ್ನ ಗಂಡ, “ಅಪ್ಪನ್ಗೆ ಅಂಗನ್ಬೋದಾ? ಒಸಿ ತಗ್ಗಿ ನಡ್ಕ” ಎಂದು ಪಾತ್ರೆಯನ್ನು ಅಟ್ಟಕ್ಕೇರಿಸಿದರು. ಮರುದಿನ ಏಣಿ ಹಾಕಿ ಇಳಿಸಿದೆ. ಅವರು ಮತ್ತೆ ಏರಿಸಿದರು, ನಾನು ಮತ್ತೆ ಇಳಿಸಿದೆ.

“ಸೊಪ್ಪು ಕಟ್ಟಕ್ಕೆ ನಾನು ಬೇಕು, ಕಾಫಿಗೆ ಮಾತ್ರ ಚರಟವಾ?” ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು. ಆಮೇಲೆ ಅಟ್ಟದ ತಂಟೆಗೆ ಹೋಗಲಿಲ್ಲ.

ಮಾವ ಮಾತ್ರ ಜಗ್ಗಲಿಲ್ಲ. ಮನೆಯ ಕಾಫಿಯನ್ನೇ ಬಿಟ್ಟರು. ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, “ಆ ಗಾಜ್ನ ತಿಪ್ಪೆಗೆ ಒಡ್ದಾಕ್ಬುಡ್ತೀನಿ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. ಅಷ್ಟು ದಿನವೂ ಗೋಡೆಗೆ ಮುಖ ಮಾಡಿ, ಕದ್ದವರಂತೆ ಕುಡಿಯುತ್ತಿದ್ದವರು ಅವರು.

“ಒಡೀರಿ ನೋಡಾನ. ನಾಳಿಂದ ಸೊಪ್ಪು ನೀವೇ ಕಟ್ಕಳಿ. ನಾವಿಬ್ರೂ ಬರಾಕಿಲ್ಲ.”

ಸೊಪ್ಪು ಬೇಯಿಸುವ ಬ್ಯಾರನ್ ಮನೆ ಅರ್ಧ ತುಂಬಿ ನಿಂತಿದ್ದ ಹೊತ್ತು; ಉಳಿದ ಸೊಪ್ಪು ಕಟ್ಟದಿದ್ದರೆ ಕೆಡುತ್ತಿತ್ತು. ಮಾವ ಅತ್ತೆಯ ಮುಖವನ್ನೇ ನೋಡಿದರು. ಆ ಮನೆಯಲ್ಲಿ ಅತ್ತೆ ಅವರಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವ ಪಾತ್ರೆ ಮುಟ್ಟದೆ ಹೊರಟುಹೋದರು. ಅಂದಿನಿಂದ ನಮ್ಮ ಒಲೆಯ ಮೇಲೆ ಚರಟ ಎರಡನೇ ಸಲ ಕುದಿಯಲಿಲ್ಲ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾವ ಹೋಟೆಲಿಗೆ ಹೋಗದೆ ಜಗಲಿಯ ಮೇಲೆ ಕುಳಿತರು. ನಮ್ಮ ಕಡೆ ನೋಡದೆ, “ನನ್ಗೂ ಒಂದ್ಲೋಟ ಮಾಡವ್ವ” ಎಂದರು.

“ಮಾಡ್ತೀನಿ ಮಾವ, ಕೂತಿರಿ” ಎಂದೆ.

ಕೈಯಲ್ಲಿದ್ದ ಕಾಫಿ ಇನ್ನೂ ಬಿಸಿಯಾಗಿತ್ತು. ಅದನ್ನು ಪೂರ್ತಿ ಕುಡಿದೇ ಎದ್ದೆ.