ಎದ್ದು ನಿಂತ ತಪ್ಪಿಗೆ

೧೯೭೮ರಲ್ಲಿ ನಾನು ಹೊಸೂರು ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಮೇಲ್ ನರ್ಸ್ ಆಗಿದ್ದೆ. ನಾಟ್ರಾಂಪಾಳ್ಯದ ಕಾಡಂಚಿನಲ್ಲಿ ನಮ್ಮದೊಂದು ಚಿಕ್ಕ ಡಿಸ್ಪೆನ್ಸರಿ ಇತ್ತು. ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ನಾನಂತೂ ಅದರ ಹೆಸರು ಬಂದರೆ ಮಾತು ಬದಲಿಸುತ್ತಿದ್ದೆ.

ಒಂದು ಭಾನುವಾರ ಚರ್ಚಿನಲ್ಲಿ ವಿಶೇಷ ಕೂಟ. ಪ್ರಾರ್ಥನೆ ಉದ್ದವಾಯಿತು, ನನಗೆ ಡ್ಯೂಟಿಗೆ ಹೊತ್ತಾಯಿತು. ಎಲ್ಲರೂ ಕಣ್ಣು ಮುಚ್ಚಿದ್ದಾರಲ್ಲ, ಯಾರಿಗೂ ಕಾಣದಂತೆ ಜಾರಿಕೊಳ್ಳೋಣವೆಂದು ಮೆಲ್ಲಗೆ ಎದ್ದೆ. "ಬೆಟ್ಟದ ಜನರ ಸೇವೆಗೆ ದೇವರು ಯಾರನ್ನು ಕರೆಯುತ್ತಿದ್ದಾನೋ ಅವರು ಎದ್ದು ನಿಲ್ಲಿ" ಎಂದು ಪಾಸ್ಟರ್ ಅಯ್ಯನವರು ಅದೇ ಗಳಿಗೆಯಲ್ಲಿ ಹೇಳಬೇಕೇ! ಇಡೀ ಚರ್ಚಿನಲ್ಲಿ ನಿಂತಿದ್ದವನು ನಾನೊಬ್ಬನೇ. ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ನನ್ನ ತಲೆಯ ಮೇಲಿತ್ತು.

ಮುಂದಿನ ಸಾಲಿನಲ್ಲಿದ್ದ ಅಮ್ಮ ಓಡಿ ಬಂದು ತಬ್ಬಿಕೊಂಡಳು. "ಚಿಕ್ಕವನಾಗಿದ್ದಾಗ ಜ್ವರ ಬಂದು ಸಾಯಂಗಾಗಿದ್ದೆ ಕಣ್ಲಾ. ಉಳಿಸಿದ್ರೆ ನಿನ್ ಸೇವೆಗೇ ಬುಡ್ತೀನಿ ಅಂತ ದೇವ್ರಿಗೆ ಒಪ್ಪಿಸ್ಬುಟ್ಟಿದ್ದೆ. ಇವತ್ತು ಕರೆದ್ಬುಟ್ಟ ನೋಡು" ಎಂದು ಅತ್ತಳು. ಆ ಕಣ್ಣೀರಿನ ಮುಂದೆ ಡ್ಯೂಟಿಯ ಮಾತು ಹೇಗೆ ಆಡುವುದು? ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಹೀಗೆ ನಾಟ್ರಾಂಪಾಳ್ಯದ ಡಿಸ್ಪೆನ್ಸರಿ ನನ್ನ ಪಾಲಿಗೆ ಬಂತು. ಅಲ್ಲಿ ತಗಡಿನ ಸೂರಿನ ಒಂದು ಕೋಣೆ, ಎರಡು ಮಂಚ, ದಿನಕ್ಕೊಂದೇ ಬಸ್ಸು. ಸುತ್ತ ಎತ್ತ ನೋಡಿದರೂ ಬೆಟ್ಟ. ಅವು ನನ್ನನ್ನು ಕಾವಲು ಕಾಯುತ್ತಿವೆ ಅನ್ನಿಸುತ್ತಿತ್ತು. ಕೆಳಗಿಳಿದಾಗ ಅಯ್ಯನವರ ಬಳಿ "ನನಗೆ ಒಗ್ಗುತ್ತಿಲ್ಲ" ಎಂದೆ. "ಕಷ್ಟ ಜಾಸ್ತಿಯಾದಷ್ಟೂ ಕರೆ ನಿಜ ಅಂತ ತಿಳ್ಕೋ ತಮ್ಮಾ" ಎಂದರು. ಸುಖವಾಗಿದ್ದೇನೆ ಎಂದಿದ್ದರೂ ಅದನ್ನೇ ಅನ್ನುತ್ತಿದ್ದರು. ಅವರ ಮಾತು ಬಾಗಿಲೇ ಇಲ್ಲದ ಕೋಣೆಯಂತೆ, ಹೊರಬರಲು ದಾರಿಯೇ ಇರಲಿಲ್ಲ. ಪ್ರಾರ್ಥನೆಗೆ ಕೂತರೆ ದೇವರ ಮೇಲೆ ಸಿಟ್ಟೇ ಬರುತ್ತಿತ್ತು.

ಮರುವರ್ಷ ಗುಟ್ಟಾಗಿ ಒಂದು ದಾರಿ ಹುಡುಕಿಕೊಂಡೆ. ಹೊಸೂರಿನ ಫ್ಯಾಕ್ಟರಿಯೊಂದರ ಫಸ್ಟ್ ಏಡ್ ರೂಮಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವನ ಪಾಲು. ಭಾನುವಾರ ಬೆಳಗಿನ ಬಸ್ಸಿಗೆ ಹೊರಡಲು ಚೀಲ ಕಟ್ಟಿಟ್ಟಿದ್ದೆ.

ಬಸ್ಸಿಗೆ ಮೊದಲೇ ಪಕ್ಕದ ಹಳ್ಳಿಯವರು ಮಾದಮ್ಮ ಎಂಬ ಹೆಂಗಸನ್ನು ಮಂಚದ ಸಮೇತ ಹೊತ್ತು ತಂದರು. ರಾತ್ರಿಯಿಡೀ ವಾಂತಿ, ಭೇದಿ. ಕಣ್ಣು ಗುಳಿಬಿದ್ದು, ಚರ್ಮ ಹಿಂಡಿದರೆ ಹಿಂಡಿದಂತೆಯೇ ನಿಲ್ಲುತ್ತಿತ್ತು. ಇದನ್ನು ನಾವು ಡಿಹೈಡ್ರೇಶನ್ ಎನ್ನುತ್ತೇವೆ, ಮೈಯ ನೀರು ಬತ್ತಿಹೋಗುವುದು. ಇದ್ದ ಎರಡು ಬಾಟಲಿ ಡ್ರಿಪ್ ಹಾಕಿದೆ. ನಾಡಿ ಕೈಗೆ ಸಿಕ್ಕಿತು, ಆದರೆ ಬಾಟಲಿ ಮುಗಿಯಿತು. ಆ ರಸ್ತೆಯಲ್ಲಿ ಬಸ್ಸಿಗೆ ಹಾಕಿದರೆ ದಾರಿಯಲ್ಲೇ ಹೋಗಿಬಿಡುತ್ತಾಳೆ. ಉಳಿದದ್ದು ಒಂದೇ ಉಪಾಯ, ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ, ವಾಂತಿಯಾಗದಂತೆ ಚಮಚ ಚಮಚವಾಗಿ ಬಿಡದೆ ಕುಡಿಸುವುದು.

ಹೊರಗೆ ಬಸ್ಸು ಹಾರನ್ ಹೊಡೆಯಿತು. ಮಾದಮ್ಮನ ಅತ್ತೆ ಕೆಂಪಜ್ಜಿ ನನ್ನ ಚೀಲ ನೋಡಿದಳು.

"ನೀ ಹೋಗಪ್ಪಾ, ಬಸ್ಸು ಕೂಗ್ತದೆ. ಮನೇಲಿ ಕಾಯ್ತಿರ್ತಾರೆ. ಎಂಗ್ ಕುಡಿಸ್ಬೇಕು ಅಂತ ತೋರಿಸ್ಬುಟ್ಟು ಹೋಗು, ನಾ ನೋಡ್ಕತೀನಿ" ಎಂದಳು.

'ಹೋಗು' ಎಂದು ಆವರೆಗೆ ನನಗೆ ಯಾರೂ ಹೇಳಿರಲಿಲ್ಲ. ಚಮಚ ಅವಳ ಕೈಗೆ ಕೊಟ್ಟೆ. ಅವಳ ಮುದಿ ಕೈ ನಡುಗಿ ಅರ್ಧ ನೀರು ಸೊಸೆಯ ಗಲ್ಲದ ಮೇಲೆ ಚೆಲ್ಲಿತು. ಅವಳು ಸೆರಗಿನಿಂದ ಒರೆಸಿ, ಮತ್ತೆ ತುಂಬಿಕೊಂಡಳು. ಮತ್ತೆ ಚೆಲ್ಲಿತು. ನನ್ನನ್ನು ಮಾತ್ರ ತಿರುಗಿ ನೋಡಲಿಲ್ಲ.

"ಇಲ್ಲಿ ಕೊಡಜ್ಜಿ" ಎಂದು ಮಂಚದ ಪಕ್ಕ ಕೂತೆ. ಬಸ್ಸು ಹೋದದ್ದು ಕೇಳಿಸಿತು. ಕೆಲಸವೂ ಅದರ ಜೊತೆಗೇ ಹೋಯಿತು. ಆಶ್ಚರ್ಯವೆಂದರೆ, ವರ್ಷದಿಂದ ಎದೆಯಲ್ಲಿದ್ದ ಬಿಗಿ ಆಗಲೇ ಸಡಿಲವಾಯಿತು.

ಸಂಜೆಯ ಹೊತ್ತಿಗೆ ಮಾದಮ್ಮನಿಗೆ ಮೂತ್ರ ಹೋಯಿತು. ಮೂತ್ರಪಿಂಡ ಬದುಕಿದೆ, ಜೀವ ಉಳಿಯುತ್ತದೆ ಎಂಬುದಕ್ಕೆ ಅದೇ ಗುರುತು. ಅಜ್ಜಿ ಬಂದು ಹೇಳಿದಾಗ "ದೇವರಿಗೆ ಸ್ತೋತ್ರ!" ಎಂದು ಕೂಗಿಬಿಟ್ಟೆ. ಚರ್ಚಿನಲ್ಲಿ ಎಂದೂ ಅಷ್ಟು ಮನಸಾರೆ ಹೇಳಿರಲಿಲ್ಲ.

ಆಮೇಲೆ ಆರು ವರ್ಷ ಅಲ್ಲೇ ಇದ್ದೆ. ಮುಂದೆ ನರ್ಸಿಂಗ್ ಕಲಿಯುವವರಿಗೆ ಪಾಠ ಹೇಳುವಾಗ ಯಾರಾದರೂ ಬಿಟ್ಟು ಹೋಗುತ್ತೇನೆಂದರೆ ತಡೆಯುತ್ತಿರಲಿಲ್ಲ. ಹೋಗಲು ದಾರಿ ತೆರೆದಿದ್ದಾಗಲೂ ಉಳಿದರೇನೇ ಅದು ಸೇವೆ, ಇಲ್ಲದಿದ್ದರೆ ಸೆರೆ.

ಊರಿನ ಚರ್ಚಿನಲ್ಲಿ ಇಂದಿಗೂ ನನ್ನನ್ನು "ಕರೆ ಕೇಳಿ ಎದ್ದು ನಿಂತವರು" ಎಂದೇ ಪರಿಚಯಿಸುತ್ತಾರೆ. ನಾನು ನಕ್ಕು ಕೈ ಮುಗಿಯುತ್ತೇನೆ. ಅಂದು ನಾನು ಎದ್ದದ್ದು ಡ್ಯೂಟಿಗೆ. ಕರೆಗೆ ಓಗೊಟ್ಟದ್ದು ಆ ಮಂಚದ ಪಕ್ಕ ಕೂತಾಗ.