ಸಂತೆಮರಹಳ್ಳಿಯಲ್ಲಿ ಬಿಚ್ಚಿದ ಚಾಪೆ

ನಮ್ಮ ಕುಲಕ್ಕೆ ಸ್ವಂತ ನೆಲವಿಲ್ಲ, ಸ್ವಂತ ಸರ್ಕಾರವಿದೆ. ಅದರ ಅಳತೆ ಆರಡಿ ಉದ್ದ, ನಾಲ್ಕಡಿ ಅಗಲ. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರೆ ಬಸ್ಸು ಹತ್ತಬಹುದು.

ನಾವು ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವವರು. ಚಾಮರಾಜನಗರದಿಂದ ಗುಂಡ್ಲುಪೇಟೆಯ ಆಚೆ ಮದ್ದೂರಿನವರೆಗೆ ಒಂದೂರಲ್ಲಿ ಎರಡು ಮನೆ, ಇನ್ನೊಂದೂರಲ್ಲಿ ಮೂರು ಮನೆ ಎಂದು ಚೆಲ್ಲಿಹೋಗಿದ್ದೇವೆ. ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮವನೊಬ್ಬ ನಿಂತರೆ ಅವನ ವೋಟು, ಅವನ ಹೆಂಡತಿಯ ವೋಟು ಬೀಳುತ್ತದೆ, ಎರಡನೆಯದು ಅನುಮಾನ. ಹಾಗಾಗಿ ಮದುವೆ, ಗಂಡಹೆಂಡಿರ ಬಿಡುಗಡೆ, ಅಣ್ಣತಮ್ಮಂದಿರ ಜಗಳ ಎಲ್ಲವನ್ನೂ ಕುಲದ ಬಿದಿರು ಚಾಪೆಯ ಸುತ್ತ ಕೂತು ನಾವೇ ತೀರ್ಮಾನಿಸಿಕೊಳ್ಳುತ್ತೇವೆ. ಚಾಪೆ ಬಿಚ್ಚಿದ ಕಡೆಯೇ ನ್ಯಾಯದ ಕಟ್ಟೆ. ಬಿಚ್ಚುವವನು ಗಂಡಸಾಗಿರಬೇಕು, ಕುಲದ ಐದು ಜನ ಎದುರಿಗಿರಬೇಕು. ಒಮ್ಮೆ ಬಿಚ್ಚಿ ದೂರು ಬಿತ್ತೋ, ತೀರ್ಮಾನವಾಗುವವರೆಗೆ ಚಾಪೆ ಸುತ್ತುವಂತಿಲ್ಲ, ಬಿಚ್ಚಿದವನು ಏಳುವಂತಿಲ್ಲ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು, ನೆನಪಿರಲಿಲ್ಲ. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಕೊರಳಿಗೆ ಗುರುತಿನ ಚೀಟಿ ಬಿದ್ದ ದಿನದಿಂದ ಕುಲದ ನಿಯಮಗಳು ತಲೆಯಿಂದ ಇಳಿದುಹೋಗಿದ್ದವು. ಆದರೆ ಓದಿದ ಹುಡುಗ ದಿಲೀಪ ಜೋಪಾನವಾಗಿ ಇಡುತ್ತಾನೆ ಎಂದು ಕುಲದ ಯಜಮಾನ ಮಾದಣ್ಣ ಚಾಪೆಯನ್ನು ನನ್ನ ಸುಪರ್ದಿಗೆ ಕೊಟ್ಟಿದ್ದರು. ನಾನು ಅದನ್ನು ಗ್ಯಾಸ್ ಸಿಲಿಂಡರಿನ ಹಿಂದೆ ನಿಲ್ಲಿಸಿದೆ. ಇಲಿ ಅಂಚು ತಿಂದಿತು. ಗುಟ್ಟಾಗಿ ರಿಪೇರಿ ಮಾಡಿಸಲು ಸಂತೆಮರಹಳ್ಳಿಯ ಮೂಗಮ್ಮನ ಹತ್ತಿರ ಓಡಿದೆ.

ಮೂಗಮ್ಮ ನನ್ನ ಅವ್ವನ ಅಕ್ಕ. ಆ ಹೆಸರಿಟ್ಟವರು ಅವಳ ಬಾಯಿ ಕೇಳುವ ಮೊದಲೇ ತೀರಿಕೊಂಡಿರಬೇಕು. ಹುಡುಗಿಯಾಗಿದ್ದಾಗ ಅಪ್ಪನ ಹಿಂದೆ ಮದ್ದೂರಿನ ಕಾಡಿಗೆ ಹೋಗಿ ಬಿದಿರು ಹೊತ್ತವಳು. ಕಾಡಿನ ಗೇಟು ಮುಚ್ಚಿತು, ಅರಣ್ಯ ಇಲಾಖೆಯ ಡಿಪೋದಲ್ಲಿ ಬಿದಿರು ಕೊಂಡಳು. ಗಂಡ ತೀರಿಕೊಂಡ, ಬಿದಿರು ಸೀಳುವ ಗಂಡಸರ ಕೆಲಸವನ್ನೂ ತಾನೇ ಕಲಿತಳು. ಪ್ಲಾಸ್ಟಿಕ್ ಬಂತು, ಅದಕ್ಕೂ ಹೆದರಲಿಲ್ಲ. ಸಂತೆಯಲ್ಲಿ ಯಾರಾದರೂ ಚೌಕಾಸಿಗಿಳಿದರೆ, “ಓಗು ಕಣಪ್ಪ, ಪ್ಲಾಸ್ಟಿಕ್ ಮೊರದಲ್ಲೇ ರಾಗಿ ಕೇರು. ನಾನೂ ಬತ್ತೀನಿ ನೋಡಕೆ” ಎನ್ನುತ್ತಿದ್ದಳು. ಕುಲದ ಆ ಚಾಪೆಯನ್ನು ಹೆಣೆದವಳೂ ಅವಳೇ.

ಅಂಥವಳಿಗೂ ಒಂದು ಕೊರಗಿತ್ತು. ಮಗಳು ಮೀನಾ ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷ. ಗಂಡ ಶಿವರಾಮು ಮನೆಗಿಂತ ಬಾರಿನಲ್ಲೇ ಹೆಚ್ಚು ಸಂಸಾರ ಮಾಡಿದವನು. ಈಗ ಬೇಗೂರಿನ ಒಂದು ಒಳ್ಳೆಯ ಮನೆಯವರು ಮೀನಾಳನ್ನು ಕೇಳಿದ್ದರು. ಆದರೆ ಕುಲದ ಬಿಡುಗಡೆ ಆಗದೆ ಎರಡನೇ ಮದುವೆ ಇಲ್ಲ. ಬೇಗೂರಿನವರು ಈ ತಿಂಗಳವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಮೂಗಮ್ಮ ಮೂರು ಸಲ ಮಾದಣ್ಣನವರ ಮನೆ ಬಾಗಿಲಿಗೆ ಹೋದಳು. ಮೂರು ಸಲವೂ “ಮುಂದ್ಕೆ ನೋಡನ ಬುಡು” ಎಂಬ ಉತ್ತರ. ಶಿವರಾಮು ಯಜಮಾನರ ತಂಗಿಯ ಮಗ. ಕೋರ್ಟಿಗೆ ಹೋಗು ಎಂದು ನಾನು ಪುಕ್ಕಟೆ ಸಲಹೆ ಕೊಟ್ಟಿದ್ದೆ.

“ಕೋರ್ಟು ಕಾಗ್ಜ ಕೊಡ್ತದೆ ಮಗ. ನಮ್ಮೋರು ಆ ಕಾಗ್ಜ ನೋಡಿ ಎಣ್ಣು ತಗೊಂಡಾರಾ?” ಎಂದು ಅವಳು ನನ್ನ ಬಾಯಿ ಮುಚ್ಚಿಸಿದ್ದಳು.

ಆ ಶನಿವಾರ ಗುಂಡ್ಲುಪೇಟೆಯಲ್ಲಿ ಒಂದು ಗೋಡೆ ತಕರಾರಿಗೆ ಕುಲ ಸೇರಬೇಕಿತ್ತು. ಬೆಳಿಗ್ಗೆ ಸಂತೆಮರಹಳ್ಳಿಗೆ ಹೋಗಿ ಚಾಪೆ ಇಸಿದುಕೊಂಡೆ. ಮೂಗಮ್ಮ ಮೀನಾಳನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಸಂತೆಯ ದಿನವಲ್ಲ, ಆದರೂ ನಮ್ಮವರು ಐದು ಜನ ಅಲ್ಲಿ ಮರದಡಿ ಬೀಡಿ ಸೇದುತ್ತ ನಿಂತಿದ್ದರು. ಅದು ಯಾಕೆಂದು ನನ್ನ ಓದಿದ ತಲೆಗೆ ಹೊಳೆಯಲಿಲ್ಲ. ಬಸ್ಸು ಬರಲಿಲ್ಲ. ಬಿಸಿಲು ಏರಿತು.

“ಕುರ್ಚಿ ಮ್ಯಾಲೆ ಕುಂತು ಕುಂತು ಕಾಲು ಸೋತೋಗವೆ ಕಣ ನಿಂಗೆ. ಕೂತ್ಕೊಬಾರ್ದಾ?” ಎಂದಳು ಮೂಗಮ್ಮ.

“ಪ್ಯಾಂಟು ಮಣ್ಣಾಗ್ತದೆ ದೊಡ್ಡವ್ವ.”

“ಕಂಕುಳಲ್ಲೇ ಮಡಿಕಂಡಿದ್ದೀಯಲ್ಲ ಮಗ.”

ಹೌದಲ್ಲ ಎಂದು ಚಾಪೆ ಬಿಚ್ಚಿ ಹಾಯಾಗಿ ಕೂತೆ. ಮೂಗಮ್ಮ ಸೆರಗು ಸರಿಮಾಡಿಕೊಂಡು ಎದುರಿಗೆ ಬಂದು ಕೈಮುಗಿದಳು.

“ಕುಲದೋರೆ, ನಂದೊಂದು ದೂರದೆ.”

ಮರದಡಿಯ ಐದು ಜನ ಬೀಡಿ ಎಸೆದು, ತಲೆಯ ಟವೆಲ್ ತೆಗೆದು ಸುತ್ತ ಬಂದು ಕೂತರು. ಆಗ ನನಗೆ ಎಲ್ಲ ನಿಯಮಗಳೂ ಒಟ್ಟಿಗೆ ನೆನಪಾದವು. ಅಷ್ಟರಲ್ಲಿ ಮಾದಣ್ಣನವರ ಫೋನು.

“ಎಲ್ಲಿದ್ದೀಯ್ಲಾ? ಇಲ್ಲಿ ಜನ ಕಾಯ್ತಾವ್ರೆ.”

“ಸಂತೆಮರಹಳ್ಳಿಲಿ ಕೂತಿದೀನಿ ಯಜಮಾನ್ರೆ.”

“ಎದ್ದು ಬಾ.”

“ಚಾಪೆ ಮೇಲೆ ಕೂತಿದೀನಿ.”

“ಬಿಚ್ಬುಟ್ಯಾ? ಯಾಕ್ಲಾ?”

“ಪ್ಯಾಂಟು ಮಣ್ಣಾಗ್ತದೆ ಅಂತ.”

“ನಿನ್ ಪ್ಯಾಂಟಿಗಿಷ್ಟು! ಯಾರೂ ನೋಡ್ನಿಲ್ಲ ಅನ್ಕೊಂಡು ಸುತ್ಕೊಂಡು ಬಾರ್ಲಾ.”

“ಮೂಗಮ್ಮ ದೊಡ್ಡವ್ವ ನೋಡವ್ಳೆ.”

ಫೋನು ಕಟ್ಟಾಯಿತು.

ಮುಂದಿನ ಮೂರು ಗಂಟೆ ನಾನು ನಮ್ಮ ಸರ್ಕಾರದ ಮೇಲೆ ಒಬ್ಬನೇ ಕೂತಿದ್ದೆ. ಗುಂಡ್ಲುಪೇಟೆ ಬಸ್ಸು ಬಂತು. ಕಂಡಕ್ಟರು ನನ್ನನ್ನು ಚಾಪೆ ಮಾರುವವನೆಂದು ತಿಳಿದು ರೇಟು ಕೇಳಿದ. ಕಚೇರಿಯ ಸಾಹೇಬರು ಫೋನ್ ಮಾಡಿದಾಗ “ಮೀಟಿಂಗಲ್ಲಿದೀನಿ ಸರ್” ಎಂದೆ. ನೌಕರಿಗೆ ಸೇರಿದ ಮೇಲೆ ಆ ಮಾತು ನಿಜವಾದದ್ದು ಅದೊಂದೇ ಸಲ. ಬೆಳಿಗ್ಗೆ ಕುಡಿದ ಎರಡು ಟೀ ಬೇರೆ ಹೊರಗೆ ಬಿಡು ಎಂದು ಅರ್ಜಿ ಹಾಕುತ್ತಿದ್ದವು.

ಕೊನೆಗೆ ಟೆಂಪೋದಲ್ಲಿ ಮಾದಣ್ಣನವರು ಜನರನ್ನೂ ಶಿವರಾಮುವನ್ನೂ ತುಂಬಿಕೊಂಡು ಬಂದಿಳಿದರು. ಬಂದವರೇ, “ಎಂಗಸ್ರ ದೂರು ಗಂಡಸ್ರ ಬಾಯಿಂದ ಬರ್ಬೇಕು ಕಣಮ್ಮ” ಎಂದರು.

“ನನ್ ಗಂಡ ಸತ್ತು ಅನ್ನೆರಡು ವರ್ಸ ಆಯ್ತು. ಓಗಿ ಕರ್ಕೊಂಡು ಬಾ, ಅವ್ನೇ ಏಳ್ಲಿ” ಎಂದಳು ಮೂಗಮ್ಮ. “ಈ ಚಾಪೆ ಎಣೆಯಕೆ ಎಂಗ್ಸು ಆಯ್ತದೆ. ಅದ್ರ ಮುಂದೆ ಬಾಯಿ ಬುಡಕೆ ಆಗಕಿಲ್ವಾ?”

ಬಂದವರಲ್ಲಿ ಯಾರೋ ನಕ್ಕರು. ಮೀನಾ ಅಲ್ಲಿಯವರೆಗೂ ತಲೆ ತಗ್ಗಿಸಿ ನಿಂತಿದ್ದವಳು, “ನಾನೇನೂ ಕೇಳಕಿಲ್ಲ ಯಜಮಾನ್ರೆ. ನನ್ ಪಾಲಿನ ಕಡ್ಡಿ ಕೊಡಿ, ಸಾಕು” ಎಂದಳು. ನಮ್ಮಲ್ಲಿ ಬಿಡುಗಡೆ ಎಂದರೆ ಒಂದು ಬಿದಿರು ಕಡ್ಡಿ ಮುರಿದು ಗಂಡಿಗೊಂದು ತುಂಡು, ಹೆಣ್ಣಿಗೊಂದು ತುಂಡು ಕೊಡುವುದು.

ಮಾದಣ್ಣನವರು ಶಿವರಾಮುವಿನ ಕಡೆ ತಿರುಗಿ, “ಇವ್ನು ಒಪ್ಬೇಕಲ್ಲ” ಎಂದರು.

ಶಿವರಾಮು ಕತ್ತು ಕೆರೆದುಕೊಂಡ. “ನಾನು ಯಾವತ್ತು ಬ್ಯಾಡ ಅಂದೆ ಮಾವ? ಯಜಮಾನ್ರ ಮನೇಲಿ ಬಿಡುಗಡೆ ಆಯ್ತು ಅಂದ್ರೆ ಮರ್ವಾದೆ ಓಯ್ತದೆ, ತಡಿ ತಡಿ ಅಂತ ನೀವೇ ಅಂದಿದ್ದು.”

ಎಲ್ಲರೂ ಮಾದಣ್ಣನವರನ್ನು ನೋಡಿದರು. ಅವರು ಆಕಾಶ ನೋಡಿದರು. ಆಗ ನಾನು ಬಾಯಿ ಬಿಟ್ಟೆ. ಕುಲದ ಚರಿತ್ರೆಗೆ ನನ್ನ ಕೊಡುಗೆ ಅಷ್ಟೇ.

“ಯಜಮಾನ್ರೆ, ಬೇಗ ಏನಾದ್ರೂ ಮಾಡಿ. ನಂಗೆ ತಡೆಯಕಾಗ್ತಾ ಇಲ್ಲ.”

ನಗು ಇಡೀ ಬಸ್‌ಸ್ಟ್ಯಾಂಡಿಗೆ ಹಬ್ಬಿತು. ಮಾದಣ್ಣನವರೂ ನಕ್ಕರು, ನಕ್ಕ ಮೇಲೆ ಬಿಗಿದುಕೊಂಡಿರುವುದು ಕಷ್ಟ. ಕಡ್ಡಿ ಕೇಳಿದರು. ಮೂಗಮ್ಮನ ಸೊಂಟದಲ್ಲಿ ಒಂದು ಸಿದ್ಧವಾಗಿಯೇ ಇತ್ತು. ಲಟಕ್ಕನೆ ಮುರಿದರು. ಶಿವರಾಮು ತನ್ನ ತುಂಡನ್ನು ಜೇಬಿಗಿಟ್ಟುಕೊಂಡ. ಮೀನಾ ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಅವ್ವನ ಕೈಗೆ ಕೊಟ್ಟಳು.

ಮೂಗಮ್ಮ ನನ್ನ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಇಲಿ ತಿಂದಿದ್ದ ಅಂಚನ್ನು ಅವಳು ಅಂದವಾಗಿ ಹೆಣೆದಿದ್ದಳು, ಒಂದು ಕಡ್ಡಿಯಷ್ಟು ಜಾಗ ಬಿಟ್ಟು. ಮಗಳ ತುಂಡನ್ನು ಅಲ್ಲಿಗೆ ತೂರಿಸಿದಳು. ಅಳೆದಿಟ್ಟಂತೆ ಕೂತಿತು.

“ಇಲ್ಲೇ ಇರ್ಲಿ. ನಾಳೆ ಯಾರೂ ಬಿಡುಗಡೆ ಆಗ್ನಿಲ್ಲ ಅನ್ಬಾರ್ದು” ಎಂದು ಅಂಚಿನ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನತ್ತ ತಿರುಗಿದಳು.

“ಏಳು ಮಗ. ಪ್ಯಾಂಟೇನೂ ಮಣ್ಣಾಗ್ನಿಲ್ವಲ್ಲ?”